ಡೇವ್‌ನಿಂದ ವೈಸ್ ಸಿಟಿವರೆಗೆ: ಹಳೇ ಗೇಮ್ ಮತ್ತೆ ಆಡಲು ಯಾವ ದಾರಿ?

"ಲ್ಯಾಪ್‌ಟಾಪ್‌ನಲ್ಲಿ 16 ಜಿಬಿ ರ್‍ಯಾಮ್ ಇದೆ, ಆದ್ರೂ ಡೇಂಜರಸ್ ಡೇವ್ ಗೇಮ್ ಓಡ್ತಿಲ್ಲವಲ್ಲ, ಯಾಕೆ?" ಇಂಥ ಪ್ರಶ್ನೆ ಕೇಳುವವರು ಈಚೆಗೆ ಜಾಸ್ತಿ. ಹೆಚ್ಚುಕಡಿಮೆ ಎಲ್ಲರೂ ಒಂದೇ ವಯಸ್ಸಿನವರು. ಸ್ಕೂಲ್ ಕಂಪ್ಯೂಟರ್ ಲ್ಯಾಬಿನಲ್ಲಿ ಮಿಸ್ ಅತ್ತ ತಿರುಗಿದ ಕೂಡಲೇ ಪ್ರಿನ್ಸ್ ಆಫ್ ಪರ್ಷಿಯಾ ಓಡಿಸಿದವರು. ಮೆಜೆಸ್ಟಿಕ್ ಹತ್ತಿರದ ನ್ಯಾಷನಲ್ ಮಾರ್ಕೆಟ್‌ನಲ್ಲಿ ಚೌಕಾಸಿ ಮಾಡಿ ಗೇಮ್ ಸಿಡಿ ತಂದವರು. ಸೈಬರ್ ಕೆಫೆಯಲ್ಲಿ "ಅಣ್ಣಾ, ಇನ್ನೊಂದು ಅರ್ಧ ಗಂಟೆ" ಅಂತ ಗೋಗರೆದವರು. ಈಗ ಸಂಬಳ ಇದೆ, ಸಿಸ್ಟಮ್ ಇದೆ, ಶನಿವಾರ ರಾತ್ರಿ ಸ್ವಲ್ಪ ಬಿಡುವೂ ಇದೆ. ಹುಡುಕಲು ಹೋದರೆ ಮಾತ್ರ ಹತ್ತು ದಾರಿ ಕಾಣುತ್ತವೆ, ಯಾವುದು ಹಿಡಿಯಬೇಕು ಅಂತ ತಿಳಿಯುವುದಿಲ್ಲ.

ದಾರಿ ಆರಿಸುವ ಮೊದಲು ನಾಲ್ಕು ವಿಷಯ ಕೇಳಿಕೊಳ್ಳಿ. ಗೇಮ್ ಯಾವ ವರ್ಷದ್ದು? ಎಷ್ಟು ದುಡ್ಡು ಹಾಕಲು ರೆಡಿ? ಸೆಟ್ಟಿಂಗ್ ತಿರುಚುತ್ತಾ ಕೂರುವ ತಾಳ್ಮೆ ಇದೆಯಾ? ನಿಮಗೆ ಅಂದಿನ ರೂಪವೇ ಬೇಕಾ, ಇಲ್ಲ ಇಂದಿನ ಸ್ಕ್ರೀನಿನಲ್ಲಿ ಚೆಂದ ಕಾಣುವ ಅದೇ ಆಟ ಸಾಕಾ?

ಇದರಲ್ಲಿ ಮೊದಲನೆಯದೇ ಮುಖ್ಯ, ಆದರೆ ಅದನ್ನೇ ಯಾರೂ ಕೇಳುವುದಿಲ್ಲ. ಗೇಮ್ ಹಳೆಯದಾದಷ್ಟೂ ಓಡಿಸುವುದು ಕಷ್ಟ ಅಂತ ಎಲ್ಲರ ಲೆಕ್ಕ. ನಿಜ ಉಲ್ಟಾ. ವಿಂಡೋಸ್ 95ಕ್ಕೆ ಮುಂಚಿನ, ಕಪ್ಪು ಪರದೆಯಲ್ಲಿ ಕಮಾಂಡ್ ಟೈಪ್ ಮಾಡುತ್ತಿದ್ದ ಡಾಸ್ ಕಾಲದ ಆಟಗಳು, ಅಂದರೆ ಸುಮಾರು 1995ಕ್ಕಿಂತ ಹಿಂದಿನವು, ಇವತ್ತು ತುಂಬಾ ಸಲೀಸು. 2006–07ರ ನಂತರದವೂ ಬಹುತೇಕ ಓಡುತ್ತವೆ. ಗೋಳೆಲ್ಲ ಇರುವುದು ಮಧ್ಯದ ಹತ್ತು ವರ್ಷದಲ್ಲಿ, ವಿಂಡೋಸ್ 95ರಿಂದ ಎಕ್ಸ್‌ಪಿವರೆಗಿನ ಕಾಲದಲ್ಲಿ. ಡಾಸ್ ಯಂತ್ರ ಸರಳವಾಗಿತ್ತು, ಅದನ್ನು ಹಾಗೇ ನಕಲು ಮಾಡುವ ಎಮ್ಯುಲೇಟರ್ ಬರೆಯಲು ಸಾಧ್ಯವಾಯಿತು. ಆಮೇಲಿನ ಗೇಮ್‌ಗಳು ಹಳೇ ಡೈರೆಕ್ಟ್‌ಎಕ್ಸ್ (ಗೇಮಿನ ಚಿತ್ರ, ಶಬ್ದ ನೋಡಿಕೊಳ್ಳುವ ವಿಂಡೋಸ್ ಭಾಗ) ಮೇಲೆ, ಆಗಿನ ಗ್ರಾಫಿಕ್ಸ್ ಕಾರ್ಡ್‌ಗಳ ಮೇಲೆ, ನಕಲು ತಡೆಯುವ ಸಿಡಿಯ ಬೀಗದ ಮೇಲೆ ನಿಂತಿದ್ದವು. ಕೆಳಗಿನ ನೆಲ ಬದಲಾಯಿತು, ಆಟ ಬಿತ್ತು.

ಡೇವ್ ಯಾಕೆ ಓಡುವುದಿಲ್ಲ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಅದು 16 ಬಿಟ್ ಪ್ರೋಗ್ರಾಮ್. 64 ಬಿಟ್ ವಿಂಡೋಸ್‌ನಲ್ಲಿ 16 ಬಿಟ್ ಪ್ರೋಗ್ರಾಮ್ ಓಡಿಸುವ ಭಾಗವೇ ಇಲ್ಲ. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. ರ್‍ಯಾಮ್ ಎಷ್ಟಿದ್ದರೂ ಅದೇ ಕಥೆ.

ಶುರು ಮಾಡುವ ಮುಂಚೆ ಇನ್ನೊಂದು ಮಾತು. ಮಾನ್ಯತಾ ಟೆಕ್ ಪಾರ್ಕ್‌ನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಆಫೀಸು ಕೊಟ್ಟ ಲ್ಯಾಪ್‌ಟಾಪ್‌ನಲ್ಲಿ ಇದ್ಯಾವುದನ್ನೂ ಮಾಡಬೇಡಿ. ಸುಮ್ನೆ ಐಟಿಯವರ ಮೇಲ್ ಬರುತ್ತೆ.

ಬ್ರೌಸರ್: ಅರ್ಧ ಗಂಟೆಯ ಆಸೆಗೆ

ದುಡ್ಡಿಲ್ಲ, ಇನ್‌ಸ್ಟಾಲ್ ಇಲ್ಲ. ಇಂಟರ್ನೆಟ್ ಆರ್ಕೈವ್ ಅನ್ನುವ ಅಮೆರಿಕದ ಸಂಸ್ಥೆ 2015ರ ಜನವರಿಯಲ್ಲಿ ಸುಮಾರು 2,400 ಡಾಸ್ ಗೇಮ್‌ಗಳನ್ನು ಬ್ರೌಸರ್‌ನಲ್ಲೇ ಆಡುವಂತೆ ಇಟ್ಟಿತು. ಕ್ಲಿಕ್ ಮಾಡಿ, ಸ್ವಲ್ಪ ಕಾಯಿರಿ, ಆಟ ಶುರು. ನಿಮಗೆ ನಿಜಕ್ಕೂ ಆಡಬೇಕಾ, ಇಲ್ಲ ಒಮ್ಮೆ ನೋಡಿದರೆ ಸಾಕಾ ಅಂತ ತಿಳಿಯಲು ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ. ಪ್ರಾಮಾಣಿಕವಾಗಿ ಹೇಳಬೇಕೆಂದರೆ ಬಹಳ ಜನರಿಗೆ ಆ ಹತ್ತು ನಿಮಿಷ ಸಾಕಾಗುತ್ತೆ.

ತೊಂದರೆ ಕೀಬೋರ್ಡ್‌ನಲ್ಲಿ. ಡೇವ್‌ನಲ್ಲಿ ಕಂಟ್ರೋಲ್ ಒತ್ತಿದರೆ ಗುಂಡು, ಆಲ್ಟ್ ಒತ್ತಿದರೆ ಜೆಟ್‌ಪ್ಯಾಕ್. ಈ ಎರಡು ಕೀಗಳೂ ಬ್ರೌಸರಿನ ಸ್ವಂತ ಶಾರ್ಟ್‌ಕಟ್‌ಗಳ ಕೀಗಳು. ಜೆಟ್‌ಪ್ಯಾಕ್ ಹಾಕಿಕೊಂಡು ಹಾರುವ ಹೊತ್ತಿಗೆ ಮೇಲೆ ಮೆನು ತೆರೆದುಕೊಳ್ಳುತ್ತೆ, ಡೇವ್ ಬೆಂಕಿಗೆ ಬೀಳುತ್ತಾನೆ. ಫುಲ್ ಸ್ಕ್ರೀನ್ ಮಾಡಿದರೆ ಕೊಂಚ ಪರವಾಗಿಲ್ಲ. ಇಲ್ಲಿ ಸೇವ್ ಆಗುತ್ತೆ ಅಂತಲೂ ನಂಬಿಕೊಳ್ಳಬೇಡಿ.

ಸ್ಕೂಲಿನಲ್ಲಿ ಫ್ಲ್ಯಾಶ್ ಗೇಮ್ ಆಡಿದವರಿಗೂ ಒಂದು ಸಾಲು: ಅಡೋಬಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ನಿಲ್ಲಿಸಿತು. ಈಗ ರಫಲ್ ಅನ್ನುವ ಎಮ್ಯುಲೇಟರ್ ಇದೆ, ಫ್ಲ್ಯಾಶ್‌ಪಾಯಿಂಟ್ ಅನ್ನುವ ದೊಡ್ಡ ಸಂಗ್ರಹ ಇದೆ. ಎರಡೂ ಪುಕ್ಕಟೆ.

ಡಾಸ್‌ಬಾಕ್ಸ್: ಡಾಸ್ ಆಟಕ್ಕೆ ಇದೇ ಸರಿ

ಗೇಮ್ 1995ಕ್ಕಿಂತ ಹಿಂದಿನದು, ಕೊನೆತನಕ ಆಡುವ ಮನಸ್ಸಿದೆ ಅಂದರೆ ಬೇರೆ ಯೋಚನೆ ಬೇಡ. ಡಾಸ್‌ಬಾಕ್ಸ್ ಅನ್ನುವ ಎಮ್ಯುಲೇಟರ್ 2002ರಿಂದ ಇದೆ, ಪುಕ್ಕಟೆ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತೆ. ಮೂಲ ಡಾಸ್‌ಬಾಕ್ಸ್ ಬಹಳ ನಿಧಾನವಾಗಿ ಅಪ್‌ಡೇಟ್ ಆಗುತ್ತೆ. ಹಾಗಾಗಿ ಹೊಸದಾಗಿ ಶುರು ಮಾಡುವವರು ಅದರಿಂದಲೇ ಕವಲೊಡೆದ ಡಾಸ್‌ಬಾಕ್ಸ್ ಸ್ಟೇಜಿಂಗ್ ಹಾಕಿಕೊಳ್ಳುವುದು ಒಳ್ಳೆಯದು.

ಕಪ್ಪು ಪರದೆ ನೋಡಿ ಹೆದರುವವರಿಗೆ ಸುಲಭ ಉಪಾಯ ಇದೆ. ವಿಂಡೋಸ್‌ನಲ್ಲಿ ಗೇಮಿನ ಮುಖ್ಯ ಫೈಲನ್ನು ಮೌಸಿನಿಂದ ಎಳೆದು ಡಾಸ್‌ಬಾಕ್ಸ್ ಐಕಾನ್ ಮೇಲೆ ಬಿಡಿ. ಆ ಫೋಲ್ಡರ್ ಅದಕ್ಕೆ ಸಿ ಡ್ರೈವ್ ಆಗಿ ಕಾಣುತ್ತೆ, ಆಟ ತಾನಾಗೇ ಶುರುವಾಗುತ್ತೆ. ಓಟ ತೀರಾ ಜೋರಾದರೆ ಕಂಟ್ರೋಲ್ ಮತ್ತು ಎಫ್11, ನಿಧಾನವಾದರೆ ಕಂಟ್ರೋಲ್ ಮತ್ತು ಎಫ್12. ಆಗಿನ ಕೆಲವು ಗೇಮ್‌ಗಳ ವೇಗ ಪ್ರೊಸೆಸರ್ ವೇಗಕ್ಕೇ ಕಟ್ಟಿಹಾಕಿರುತ್ತಿತ್ತು, ಅದಕ್ಕೇ ಈ ಹೊಂದಾಣಿಕೆ. ಹಳೇ ಸಿಪಿಯು ಡಬ್ಬದ ಮುಂದೆ ಟರ್ಬೊ ಅಂತ ಒಂದು ಬಟನ್ ಇರುತ್ತಿತ್ತಲ್ಲ, ಅದು ಇದ್ದದ್ದೂ ಇದೇ ಕಾರಣಕ್ಕೆ.

ಚಿತ್ರ ಚಪ್ಪಟೆಯಾಗಿ ಕಂಡರೆ ಅದು ನಿಮ್ಮ ಕಣ್ಣಿನ ದೋಷ ಅಲ್ಲ. ಡಾಸ್ ಗೇಮ್‌ಗಳು ಹೆಚ್ಚಾಗಿ 320 ಅಡ್ಡ, 200 ಉದ್ದ ಚುಕ್ಕೆಗಳಲ್ಲಿ ಬರೆದವು. ಆ ದಪ್ಪ ಮಾನಿಟರ್ ಅದನ್ನು ಮೇಲಕ್ಕೆ ಎಳೆದು 4:3 ಆಕಾರಕ್ಕೆ ತುಂಬಿಸುತ್ತಿತ್ತು. ಇಂದಿನ ಸ್ಕ್ರೀನ್ ಚೌಕ ಚುಕ್ಕೆ ಹಾಕುತ್ತೆ, ಪ್ರಿನ್ಸ್ ಕುಳ್ಳ ಆಗುತ್ತಾನೆ. ಸೆಟ್ಟಿಂಗ್ಸ್‌ನಲ್ಲಿ ಆಸ್ಪೆಕ್ಟ್ ಅಂತ ಇರುವುದನ್ನು ಆನ್ ಮಾಡಿ. ಸ್ಟೇಜಿಂಗ್‌ನಲ್ಲಿ ಇದು ಮೊದಲೇ ಸರಿ ಇರುತ್ತೆ.

ಡಾಸ್‌ಬಾಕ್ಸ್ ಪುಕ್ಕಟೆಯಾದರೂ ಗೇಮ್ ಪುಕ್ಕಟೆ ಅಂತ ಅರ್ಥ ಅಲ್ಲ. ಹಳೆಯದು, ಯಾರೂ ಕೇಳುವವರಿಲ್ಲ ಅನ್ನುವ ಮಾತಿಗೆ ಕಾನೂನಿನಲ್ಲಿ ಬೆಲೆ ಇಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿ ಅಂತಲೇ ಪರಿಗಣಿಸುತ್ತೆ, ಹಕ್ಕು ದಶಕಗಟ್ಟಲೆ ಉಳಿಯುತ್ತೆ. ಕಾನೂನು ಬದಿಗಿಟ್ಟರೂ, "ಫ್ರೀ ಡೌನ್‌ಲೋಡ್" ಬಟನ್ ಐದು ಕಡೆ ಇರುವ ಸೈಟುಗಳಲ್ಲಿ ಗೇಮ್ ಜೊತೆ ಇನ್ನೇನೇನು ಬರುತ್ತೋ ಹೇಳಲಾಗದು. ಅದೇ ಲ್ಯಾಪ್‌ಟಾಪ್‌ನಲ್ಲಿ ಬ್ಯಾಂಕ್ ಕೆಲಸ ಮಾಡುತ್ತೀರಿ, ನೆನಪಿರಲಿ.

ದುಡ್ಡು ಕೊಟ್ಟು ಕೊಳ್ಳುವುದು: ತಾಳ್ಮೆ ಇಲ್ಲದವರಿಗೆ

ಮಧ್ಯದ ಆ ಹತ್ತು ವರ್ಷದ ಗೇಮ್ ಬೇಕು, ಆದರೆ ತಲೆ ಕೆಡಿಸಿಕೊಳ್ಳಲು ಇಷ್ಟ ಇಲ್ಲ ಅನ್ನುವವರು ನೇರ ಇಲ್ಲಿಗೆ ಬನ್ನಿ. ಜಿಒಜಿ ಅನ್ನುವ ಪೋಲೆಂಡಿನ ಅಂಗಡಿ 2008ರಲ್ಲಿ ಶುರುವಾಗಿದ್ದೇ ಹಳೇ ಗೇಮ್ ಮಾರಲು. ಅವರು ಗೇಮನ್ನು ಇಂದಿನ ವಿಂಡೋಸ್‌ಗೆ ಹೊಂದಿಸಿ ಕೊಡುತ್ತಾರೆ. ಡಾಸ್ ಗೇಮ್ ಆದರೆ ಒಳಗೆ ಡಾಸ್‌ಬಾಕ್ಸ್ ಅನ್ನೇ ಸೇರಿಸಿರುತ್ತಾರೆ. ಹಳೇ ಗೇಮ್‌ಗಳ ಬೆಲೆ ಸಾಮಾನ್ಯವಾಗಿ 5ರಿಂದ 10 ಡಾಲರ್, ಸೇಲ್ ಬಂದಾಗ ಇನ್ನೂ ಕಡಿಮೆ. ಒಂದು ಮಾಲ್‌ನಲ್ಲಿ ಸಿನಿಮಾ ನೋಡಿ ಪಾಪ್‌ಕಾರ್ನ್ ತಿಂದರೆ ಇದಕ್ಕಿಂತ ಜಾಸ್ತಿ ಆಗುತ್ತೆ.

ನಮ್ಮ ಹುಡುಗರಿಗೆ ಪ್ರಾಣವಾಗಿದ್ದ ಪ್ರಾಜೆಕ್ಟ್ ಐಜಿಐ ಅಲ್ಲಿ ಸಿಗುತ್ತೆ. 2000ನೇ ಇಸವಿಯ ಗೇಮ್. ಮಿಷನ್ ನಡುವೆ ಸೇವ್ ಮಾಡಲು ಆಗ ಬರುತ್ತಿರಲಿಲ್ಲ, ಕೊನೇ ಗೇಟ್ ಹತ್ತಿರ ಸತ್ತರೆ ಮತ್ತೆ ಮೊದಲಿಂದ. ಈಗಲೂ ಹಾಗೇ. ಇಪ್ಪತ್ತು ವರ್ಷ ದೊಡ್ಡವರಾಗಿದ್ದೀರಿ ಅಂತ ಅದು ಕರುಣೆ ತೋರಿಸುವುದಿಲ್ಲ.

ಆನ್‌ಲೈನ್ ಗೇಮ್ ಅಂಗಡಿ ಸ್ಟೀಮ್ ಅಥವಾ ಜಿಒಜಿ ಅಂತ ಗೊಂದಲ ಇದ್ದರೆ ನನ್ನ ಲೆಕ್ಕ ಹೀಗೆ. ಸ್ಟೀಮ್‌ನಲ್ಲಿ ರೂಪಾಯಿಯಲ್ಲೇ ಬೆಲೆ, ಪಾವತಿ ಸುಲಭ, ಗೆಳೆಯರೂ ಅಲ್ಲೇ ಇರುತ್ತಾರೆ. ಜಿಒಜಿಯಲ್ಲಿ ಇನ್‌ಸ್ಟಾಲರ್ ಫೈಲೇ ನಿಮ್ಮ ಕೈಗೆ ಬರುತ್ತೆ. ಪೆನ್‌ಡ್ರೈವ್‌ಗೆ ಹಾಕಿಟ್ಟರೆ ನಾಳೆ ಅಂಗಡಿ ಮುಚ್ಚಿದರೂ ಗೇಮ್ ನಿಮ್ಮದು. ಸ್ಟೀಮ್ ಹಣ ವಾಪಸ್ ಕೊಡುವುದು ಕೊಂಡ 14 ದಿನದೊಳಗೆ, ಅದೂ ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ. ಜಿಒಜಿ 30 ದಿನ ಕೊಡುತ್ತೆ. ಹಳೇ ಗೇಮ್ ವಿಷಯದಲ್ಲಿ ಇದು ದೊಡ್ಡ ವ್ಯತ್ಯಾಸ, ಯಾಕೆಂದರೆ ಕೆಲವು ದೋಷ ಕಾಣುವುದೇ ಮೂರನೇ ಮಿಷನ್‌ನಲ್ಲಿ. ಒಬ್ಬರೇ ಆಡುವ ಹಳೇ ಗೇಮ್‌ಗೆ ಜಿಒಜಿ, ಗುಂಪಿನಲ್ಲಿ ಆಡಲು ಸ್ಟೀಮ್ ಅಂತ ಇಟ್ಟುಕೊಳ್ಳಿ.

ಹೊಸ ಬಣ್ಣ ಹೊಡೆದ ಹಳೇ ಗೇಮ್

ರೀಮಾಸ್ಟರ್ ಅಂದರೆ ಕಂಪನಿಯವರೇ ಹಳೇ ಗೇಮನ್ನು ಹೊಸದಾಗಿ ಕಟ್ಟಿ ಮಾರುವುದು. ಇದರಲ್ಲಿ ಅದೃಷ್ಟದ ಆಟ ಇದೆ.

ಏಜ್ ಆಫ್ ಎಂಪೈರ್ಸ್ 2 ತೆಗೆದುಕೊಳ್ಳಿ. ಮೂಲ 1999ರದ್ದು, ಡೆಫಿನಿಟಿವ್ ಎಡಿಷನ್ 2019ರದ್ದು. ಹಳ್ಳಿಯವರು ಮರ ಕಡಿಯುವುದು, ಕುರಿ ಹುಡುಕುವುದು, ಆ ಗಂಟೆ ಶಬ್ದ ಎಲ್ಲ ಹಾಗೇ ಇದೆ. ಚಿತ್ರ ಮಾತ್ರ ಸ್ಫಟಿಕದಂತೆ. ಆನ್‌ಲೈನಿನಲ್ಲಿ ಇವತ್ತಿಗೂ ಎದುರಾಳಿಗಳು ಸಿಗುತ್ತಾರೆ. ಅಂದು ಒಂದು ಸಿಡಿಯಲ್ಲಿ ಕೂತಿದ್ದ ಗೇಮ್ ಈಗ ಸುಮಾರು 30 ಜಿಬಿ ಜಾಗ ಕೇಳುತ್ತೆ, ಅಷ್ಟೇ ಕೊರತೆ. ಮೂಲ ಸಿಡಿ ಮನೆಯಲ್ಲಿದ್ದರೂ ನಾನು ಡೆಫಿನಿಟಿವ್ ಕೊಳ್ಳಿ ಅಂತಲೇ ಹೇಳುತ್ತೇನೆ. ಹಳೆಯದನ್ನು ಹೊಸ ವಿಂಡೋಸ್‌ನಲ್ಲಿ ಹಾಕಿದರೆ 256 ಬಣ್ಣದ ಲೆಕ್ಕ ತಪ್ಪಿ ಹುಲ್ಲು ನೇರಳೆ, ನೀರು ಕೆಂಪು ಆಗುವ ಕಾಟ ಇದೆ.

ಜಿಟಿಎ ಸರಣಿಯ ವೈಸ್ ಸಿಟಿ ಇದಕ್ಕೆ ತದ್ವಿರುದ್ಧ. 2021ರ ನವೆಂಬರ್‌ನಲ್ಲಿ ಬಂದ ಮೂರು ಗೇಮ್‌ಗಳ ಡೆಫಿನಿಟಿವ್ ಕಟ್ಟು ಎಷ್ಟು ಕೆಟ್ಟದಾಗಿತ್ತು ಅಂದರೆ ರಾಕ್‌ಸ್ಟಾರ್ ಕಂಪನಿಯೇ ಕ್ಷಮೆ ಕೇಳಬೇಕಾಯಿತು. ಮುಖಗಳು ಗೊಂಬೆಯಂತೆ, ಮಳೆ ಬಂದರೆ ರಸ್ತೆಯೇ ಕಾಣದು. 2024ರ ಅಪ್‌ಡೇಟ್ ನಂತರ ಬೆಳಕು, ಬಣ್ಣ ಬಹಳ ಸುಧಾರಿಸಿದೆ. ಆದರೂ ಕಾರ್ ರೇಡಿಯೊ ನಿಮ್ಮ ನೆನಪಿನಂತೆ ಇರದು. ಹಾಡುಗಳ ಪರವಾನಗಿ ಮುಗಿದು ಕೆಲವನ್ನು ತೆಗೆದಿದ್ದಾರೆ. ವೈಸ್ ಸಿಟಿ ಅಂದರೆ ನಿಮಗೆ ರೇಡಿಯೊ ಹಾಕಿಕೊಂಡು ಬೀಚ್ ರಸ್ತೆಯಲ್ಲಿ ಸುತ್ತುವುದೇ ಆಗಿದ್ದರೆ ಪೂರ್ತಿ ಬೆಲೆ ಕೊಡಬೇಡಿ, ಸೇಲ್‌ಗೆ ಕಾಯಿರಿ.

ಅಭಿಮಾನಿಗಳು ಕಟ್ಟಿದ ಎಂಜಿನ್: ನನ್ನ ಮೆಚ್ಚಿನದು

ಇದರ ಬಗ್ಗೆ ಬಹಳ ಜನಕ್ಕೆ ಗೊತ್ತೇ ಇಲ್ಲ. ಆಟದ ಚಿತ್ರ, ಶಬ್ದ ಮೂಲದ್ದೇ. ಅದನ್ನು ಓಡಿಸುವ ಎಂಜಿನ್ ಮಾತ್ರ ಹೊಸದಾಗಿ ಬರೆದದ್ದು. ಹಾಗಾಗಿ ಎಮ್ಯುಲೇಟರ್ ಬೇಡ, ಹೊಸ ಸಿಸ್ಟಮ್‌ನಲ್ಲಿ ನೇರ ಓಡುತ್ತೆ.

ಡೂಮ್ 1993ರಲ್ಲಿ ಬಂತು, 1997ರಲ್ಲಿ ಅದರ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮಿನ ಮೂಲ ಬರಹ, ಹೊರಗೆ ಬಿಟ್ಟರು. ಇವತ್ತು ಡೂಮ್ ಓಡದ ಯಂತ್ರವೇ ಇಲ್ಲ ಅನ್ನುವಂತಾಗಿರುವುದು ಅದರಿಂದಲೇ. ಸಾರಿಗೆ ಕಂಪನಿ ಕಟ್ಟುವ ಆಟ ಆಡಿದವರಿಗೆ ಓಪನ್‌ಟಿಟಿಡಿ ಇದೆ, ಅದಕ್ಕೆ ಮೂಲ ಸಿಡಿಯೂ ಬೇಡ. ಜೋರ್ಡಾನ್ ಮೆಕ್ನರ್ 1989ರಲ್ಲಿ ತಂದ ಪ್ರಿನ್ಸ್ ಆಫ್ ಪರ್ಷಿಯಾಗೆ ಎಸ್‌ಡಿಎಲ್‌ಪಾಪ್ ಇದೆ. ಡಾಸ್ ಆವೃತ್ತಿಯನ್ನು ಬಿಚ್ಚಿ ನೋಡಿ ಮತ್ತೆ ಬರೆದದ್ದು. ಜಿಗಿತದ ಅಳತೆ, ಕತ್ತಿಯ ತಾಳ ಎಲ್ಲ ಹಾಗೇ ಇದೆ, ಜೊತೆಗೆ ಬೇಕೆಂದಲ್ಲಿ ಸೇವ್ ಮಾಡುವ ಅನುಕೂಲ. ರಾಜಕುಮಾರಿಯನ್ನು 60 ನಿಮಿಷದಲ್ಲಿ ಬಿಡಿಸಬೇಕು ಅನ್ನುವ ಗಡುವು ಹಾಗೇ ಇರುವುದರಿಂದ ಈ ಸೇವ್ ಎಷ್ಟು ದೊಡ್ಡ ಉಪಕಾರ ಅಂತ ಆಡಿದವರಿಗೆ ಗೊತ್ತು. "ಮೆಗಾಹಿಟ್" ಅಂತ ಟೈಪ್ ಮಾಡಿ ಲೆವೆಲ್ ಹಾರಿಸುತ್ತಿದ್ದವರಿಗೆ ಇದು ಬೇಕಾಗದಿರಬಹುದು.

ಎಲ್ಲರೂ ಮರೆತ ಇನ್ನೊಂದು: ಎಕ್ಸ್‌ಪಿಯಲ್ಲಿದ್ದ ಪಿನ್‌ಬಾಲ್. ಅಪ್ಪ ಗೇಮ್ ಸಿಡಿ ಕೊಡಿಸದ ಮನೆಗಳಲ್ಲಿ ಇದ್ದದ್ದು ಅದೊಂದೇ. 64 ಬಿಟ್‌ಗೆ ತರುವಾಗ ಚೆಂಡು ಹಲಗೆಗೆ ತಾಗದೆ ಆರಪಾರ ಹೋಗುತ್ತಿತ್ತು ಅಂತ ಮೈಕ್ರೋಸಾಫ್ಟ್‌ನವರು ವಿಸ್ಟಾದಿಂದ ಕೈಬಿಟ್ಟರು. 2021ರಲ್ಲಿ ಒಬ್ಬ ಪ್ರೋಗ್ರಾಮರ್ ಅದನ್ನು ಬಿಡಿಸಿ ಮತ್ತೆ ಬರೆದ. ಈಗ ಲಿನಕ್ಸ್‌ನಲ್ಲೂ ಫೋನಿನಲ್ಲೂ ಓಡುತ್ತೆ.

ಈ ದಾರಿಯ ಅಪಾಯ ಒಂದೇ, ಹಕ್ಕುದಾರರು ಯಾವಾಗ ಬೇಕಾದರೂ ಬಾಗಿಲು ಹಾಕಿಸಬಹುದು. ವೈಸ್ ಸಿಟಿಗೆ ಹೀಗೇ ಎಂಜಿನ್ ಬರೆದವರ ಮೇಲೆ ರಾಕ್‌ಸ್ಟಾರ್‌ನ ಒಡೆಯ ಟೇಕ್-ಟು ಕಂಪನಿ 2021ರಲ್ಲಿ ಕೇಸ್ ಹಾಕಿತು.

ಹಳೇ ಸಿಡಿಯನ್ನೇ ಒದ್ದಾಡಿ ಓಡಿಸುವುದು

ಸಜ್ಜಾ ಮೇಲಿನ ಡಬ್ಬದಲ್ಲಿ ಸಿಡಿ ಇದೆ, ಅದನ್ನೇ ಹಾಕಬೇಕು ಅನ್ನುವವರು ಇದ್ದಾರೆ. ಖರ್ಚು ಕಡಿಮೆ: ಯುಎಸ್‌ಬಿ ಡಿವಿಡಿ ಡ್ರೈವ್ ಒಂದು, ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಒಂದೂವರೆ ಸಾವಿರದ ಆಸುಪಾಸಿನಲ್ಲಿ ಸಿಗುತ್ತೆ. ಖರ್ಚಾಗುವುದು ಸಮಯ.

ಮೊದಲ ಅಡ್ಡಿ ಇನ್‌ಸ್ಟಾಲರ್. ಗೇಮ್ 32 ಬಿಟ್ ಇದ್ದರೂ ಅದರ ಇನ್‌ಸ್ಟಾಲರ್ 16 ಬಿಟ್ ಇರುವುದುಂಟು, ಆಗ ಒಳಗೇ ಹೋಗಲಾಗದು. ಎರಡನೇ ಅಡ್ಡಿ ಸಿಡಿಯ ಬೀಗ. ಸೇಫ್‌ಡಿಸ್ಕ್ ಅನ್ನುವ ನಕಲು ತಡೆಯನ್ನು ವಿಂಡೋಸ್ 10 ಬಂದಾಗಲೇ ಕೈಬಿಟ್ಟರು. ನಿಮ್ಮದು ಅಸಲಿ ಸಿಡಿಯೇ ಆಗಿದ್ದರೂ ಗೇಮ್ ಬಾಯಿ ಬಿಡುವುದಿಲ್ಲ. ನಕಲಿ ಸಿಡಿ ತಂದವರಿಗೆ ಈ ತೊಂದರೆ ಇಲ್ಲ ಅನ್ನುವುದು ಬೇರೆ ವಿಷಯ! ಈ ಎರಡೂ ದಾಟಿದರೆ ಉಳಿಯುವುದು ಚಿತ್ರದ ಸಮಸ್ಯೆ. ಅದಕ್ಕೆ ಡಿಜಿವೂಡೂ2 ಅನ್ನುವ ಪುಕ್ಕಟೆ ಸಾಧನ ಬಹಳ ಸಲ ಕೈ ಹಿಡಿಯುತ್ತೆ. ಹಳೇ ಡೈರೆಕ್ಟ್‌ಎಕ್ಸ್ ಮತ್ತು ವೂಡೂ ಅನ್ನುವ ಆಗಿನ ಗ್ರಾಫಿಕ್ಸ್ ಕಾರ್ಡಿನ ಭಾಷೆಯನ್ನು ಇಂದಿನ ಕಾರ್ಡಿಗೆ ಅರ್ಥ ಮಾಡಿಸುತ್ತೆ.

ವರ್ಚುವಲ್ ಮಶೀನ್‌ನಲ್ಲಿ, ಅಂದರೆ ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್ ಕಟ್ಟುವ ಇನ್ನೊಂದು ಕಂಪ್ಯೂಟರಿನಲ್ಲಿ, ಎಕ್ಸ್‌ಪಿ ಹಾಕಬಹುದಲ್ಲ ಅಂತ ಕೇಳುತ್ತೀರಿ. 2ಡಿ ಗೇಮ್‌ಗೆ ಆಗುತ್ತೆ. 3ಡಿ ಬಂತೋ, ಸುಸ್ತು. ಎಕ್ಸ್‌ಪಿಗೆ 2014ರಿಂದ ರಕ್ಷಣೆಯ ಅಪ್‌ಡೇಟ್ ಇಲ್ಲ, ಅದಕ್ಕೆ ಇಂಟರ್ನೆಟ್ ಕೊಡಬೇಡಿ. ಕುತೂಹಲಕ್ಕೆ ಲಿನಕ್ಸ್ ಹಾಕಿಕೊಂಡವರು, ವಿಂಡೋಸ್ ಪ್ರೋಗ್ರಾಮ್‌ಗಳನ್ನು ಅಲ್ಲಿ ಓಡಿಸುವ ವೈನ್‌ನಲ್ಲಿ ಒಮ್ಮೆ ನೋಡಿ. ವಿಂಡೋಸ್ 11ರಲ್ಲಿ ಏಳದ ಕೆಲವು ಗೇಮ್ ಅಲ್ಲಿ ಎದ್ದು ಕೂರುತ್ತವೆ.

ಹಳೇ ಕಂಪ್ಯೂಟರನ್ನೇ ತರುವುದು

ಆ ದಪ್ಪ ಮಾನಿಟರಿನ ಮಿಂಚು, ಬಿಳಿ ಕೀಬೋರ್ಡಿನ ಸದ್ದು, ಸಿಡಿ ಡ್ರೈವ್ ಗುರ್ ಅನ್ನುವುದು, ಇದೆಲ್ಲ ಸೇರಿದರೇ ಗೇಮ್ ಅನ್ನುವವರಿಗೆ ಬೇರೆ ದಾರಿ ಇಲ್ಲ. ಮಧ್ಯದ ಹತ್ತು ವರ್ಷದ ಆಟಗಳಿಗೆ ಇದು ಎಲ್ಲಕ್ಕಿಂತ ಪಕ್ಕಾ ದಾರಿಯೂ ಹೌದು. ಎಕ್ಸ್‌ಪಿ ಇರುವ ಪೆಂಟಿಯಮ್ 4 ಸಿಸ್ಟಮ್ ಒಂದಿದ್ದರೆ ಆ ಕಾಲದ ಬಹುಪಾಲು ಗೇಮ್ ಯಾವ ತಿರುಚಾಟವೂ ಇಲ್ಲದೆ ಓಡುತ್ತವೆ.

ಎಸ್‌ಪಿ ರೋಡ್‌ನ ಒಳಗಲ್ಲಿಗಳಲ್ಲಿ, ಭಾನುವಾರದ ಸಂಡೇ ಬಜಾರ್‌ನಲ್ಲಿ ಹುಡುಕಬೇಕು. ಇಂಥದ್ದಕ್ಕೆ ಇಷ್ಟೇ ಅಂತ ಬೆಲೆ ಇಲ್ಲ. ನಿಮ್ಮ ಕಣ್ಣಲ್ಲಿ ಆಸೆ ಕಂಡರೆ ಏರುತ್ತೆ, "ಗುಜರಿಗೆ ಹಾಕೋದು ತಾನೇ ಅಣ್ಣ" ಅಂದರೆ ಇಳಿಯುತ್ತೆ. ಕೊಳ್ಳುವ ಮುಂಚೆ ಸೈಡ್ ಬಾಗಿಲು ತೆಗೆಸಿ ಮದರ್‌ಬೋರ್ಡ್ ನೋಡಿ. ಪ್ರೊಸೆಸರ್ ಸುತ್ತ ನಿಂತಿರುವ ಪುಟ್ಟ ಡಬ್ಬಿಗಳು ಕೆಪಾಸಿಟರ್‌ಗಳು. ಅವುಗಳ ತಲೆ ಚಪ್ಪಟೆ ಇರಬೇಕು. ಉಬ್ಬಿದ್ದರೆ, ಕಂದು ಕಲೆ ಇದ್ದರೆ ಬಿಟ್ಟುಬಿಡಿ. 2000ದ ಆರಂಭದ ಬೋರ್ಡುಗಳಲ್ಲಿ ಈ ರೋಗ ಜಾಸ್ತಿ. ಆನ್ ಮಾಡಿದಾಗ ತಾರೀಖು ತಪ್ಪು ತೋರಿಸಿದರೆ ಗಾಬರಿ ಬೇಡ, ಅದು ಸಿಆರ್2032 ಅನ್ನುವ ಬಿಲ್ಲೆ ಬ್ಯಾಟರಿ, ಯಾವ ಅಂಗಡಿಯಲ್ಲಾದರೂ ಸಿಗುತ್ತೆ.

ಎರಡು ಬೆಡ್‌ರೂಮ್ ಮನೆಯಲ್ಲಿ ಹದಿನೇಳು ಇಂಚಿನ ದಪ್ಪ ಮಾನಿಟರ್ ಎಲ್ಲಿಡುತ್ತೀರಿ ಅಂತ ಮನೆಯವರನ್ನು ಮೊದಲೇ ಕೇಳಿಕೊಳ್ಳಿ. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಬಜೆಟ್‌ಗಿಂತ ದೊಡ್ಡ ಅಡ್ಡಿ ಇದೇ.

ಗೆಳೆಯರ ಗುಂಪಿಗೆ, ಮತ್ತು ಎಲ್ಲೂ ಸಿಗದ ಗೇಮ್‌ಗೆ

ನಿಮಗೆ ಬೇಕಾಗಿದ್ದು ಗೇಮ್‌ಗಿಂತ ಆ ಗಲಾಟೆ ಆಗಿದ್ದರೆ, ಸ್ಟೀಮ್‌ನಲ್ಲಿ ಕೌಂಟರ್ ಸ್ಟ್ರೈಕ್ 1.6 ಈಗಲೂ ಮಾರುತ್ತಾರೆ. ಯಾವ ಹಳೇ ಲ್ಯಾಪ್‌ಟಾಪ್ ಆದರೂ ಸಾಕು. ಒಂದೇ ವೈಫೈಗೆ ಎಲ್ಲರೂ ಸೇರಿದರೆ ಲ್ಯಾನ್ ಆಟವೂ ಆಗುತ್ತೆ, ಜಯನಗರದಲ್ಲಿ ಒಬ್ಬ, ಯಲಹಂಕದಲ್ಲಿ ಒಬ್ಬ ಇದ್ದರೆ ಆನ್‌ಲೈನ್ ಸರ್ವರ್‌ಗಳೂ ಇವೆ. ಟ್ರಾಫಿಕ್ ನೆನೆದರೆ ಎರಡನೆಯದೇ ವಾಸಿ.

ಇನ್ನು ಇಎ ಕ್ರಿಕೆಟ್ 07, 2005ರ ನೀಡ್ ಫಾರ್ ಸ್ಪೀಡ್ (ಎನ್‌ಎಫ್‌ಎಸ್) ಮೋಸ್ಟ್ ವಾಂಟೆಡ್ ಥರದವು. ಆಟಗಾರರ ಹೆಸರು, ಕಾರುಗಳು, ಹಾಡುಗಳು ಇವಕ್ಕೆಲ್ಲ ಬೇರೆ ಬೇರೆ ಪರವಾನಗಿ ಬೇಕು. ಅವಧಿ ಮುಗಿದ ಮೇಲೆ ಮತ್ತೆ ಮಾರುವ ಉಸಾಬರಿ ಯಾರಿಗೂ ಬೇಡ. ಹಾಗಾಗಿ ಇವು ಸ್ಟೀಮ್‌ನಲ್ಲೂ ಇಲ್ಲ, ಜಿಒಜಿಯಲ್ಲೂ ಇಲ್ಲ. ಉಳಿದದ್ದು ಹಳೇ ಅಸಲಿ ಡಿಸ್ಕ್ ಒಂದೇ. ಕಸಿನ್ ಮನೆಯಲ್ಲಿ, ಹಳೇ ಸಾಮಾನಿನ ಅಂಗಡಿಯಲ್ಲಿ, ಸೆಕೆಂಡ್ ಹ್ಯಾಂಡ್ ಮಾರುವ ಆ್ಯಪ್‌ಗಳಲ್ಲಿ ವಿಚಾರಿಸಿ. ಸಿಕ್ಕರೆ ಬೆಳಕಿಗೆ ಹಿಡಿದು ನೋಡಿ, ಮೇಲಿನ ಲೇಬಲ್ ಕಡೆ ತೂತು ಕಂಡರೆ ಅದು ಸತ್ತಂತೆ. ಕೆಳಗಿನ ಗೀರು ಪರವಾಗಿಲ್ಲ.

ಸರಿ ಇದ್ದರೆ ಆಡುವ ಮೊದಲು ಒಂದು ಇಮೇಜ್, ಅಂದರೆ ಡಿಸ್ಕಿನ ಯಥಾವತ್ ನಕಲು ಫೈಲ್, ಮಾಡಿಟ್ಟುಕೊಳ್ಳಿ. ಸ್ವಂತ ಪ್ರತಿಗೆ ಬ್ಯಾಕಪ್ ಇಟ್ಟುಕೊಳ್ಳಲು ಕಾಪಿರೈಟ್ ಕಾಯ್ದೆಯಲ್ಲೇ ಅವಕಾಶ ಇದೆ. ಡಿಸ್ಕ್ ಸಿಡಿ ಆಗಿದ್ದರೆ ಐಎಸ್‌ಒ ಅನ್ನುವ ಬಗೆಯ ಫೈಲ್ ಬದಲು ಬಿನ್-ಕ್ಯೂ ಅನ್ನುವ ಎರಡು ಫೈಲ್‌ಗಳ ಜೋಡಿಯಾಗಿ ತೆಗೆಯಿರಿ. ಆ ಕಾಲದ ಕೆಲವು ಗೇಮ್‌ಗಳ ಸಂಗೀತ ಸಿಡಿಯಲ್ಲಿ ಬೇರೆ ಆಡಿಯೊ ಟ್ರ್ಯಾಕ್ ಆಗಿ ಇರುತ್ತಿತ್ತು. ಐಎಸ್‌ಒಗೆ ಅದು ಬರುವುದಿಲ್ಲ, ಗೇಮ್ ಮೂಕಾಗಿ ಓಡುತ್ತೆ.